ಎರಡನೇ ಚರಣದ ಉಸಿರು

ಮಧುಗಿರಿ
18-11-2024

ಮಗಳು ಲೋಹಿತಾಗೆ ಅಪ್ಪ ಬರೆಯೋದು. ನಾನೂ ನಿಮ್ಮಮ್ಮನೂ ಇದೀವಿ. ನೀನು ಹೆಂಗಿದೀಯ ಅಂತ ಕಾಗದದ ಕೊನೇಲಿ ಕೇಳೋದು ವಾಡಿಕೆ, ನಾನು ಮೊದಲೇ ಕೇಳಿಬುಡ್ತೀನಿ. ಹೆಂಗಿದೀಯಮ್ಮ?

ಫೋನ್ ಮಾಡೋಣ ಅಂದ್ರೆ ನಿಮ್ಮ ಆರ್ಕೆಸ್ಟ್ರಾ ಶಂಕರಲಿಂಗಪ್ಪನೋರ ಕಾನೂನು ಒಂದೈತಲ್ಲ, ಪ್ರೋಗ್ರಾಂ ಸೀಸನ್ನಲ್ಲಿ ಹಾಡೋರು ಫೋನಲ್ಲಿ ಮಾತಾಡಿ ಗಂಟಲು ಸವೆಸಂಗಿಲ್ಲ ಅಂತ. ಮೆಸೇಜ್ ಒತ್ತೋಕೆ ನನಗೆ ಬರಲ್ಲ. ಏಳನೇ ಕ್ಲಾಸು ಅರ್ಧಕ್ಕೇ ಬುಟ್ಟು ಹೊಲಿಗೆ ಮಿಷಿನ್ ತುಳಿಯೋಕೆ ಕೂತೋನು ನಾನು. ಪೆನ್ನು ಹಿಡಿದ್ರೆ ಹೆಂಗೋ ಸಾಗುತ್ತೆ, ತಪ್ಪಿದ್ರೆ ಸರಿ ಮಾಡ್ಕೊಂಡು ಓದ್ಕೊ.

ಮೊನ್ನೆ ಕೊರಟಗೆರೆ ರಾಜ್ಯೋತ್ಸವಕ್ಕೆ ನಾನು ಬಂದಿದ್ದೆ. ನಿನಗೆ ಹೇಳಿರ್ಲಿಲ್ಲ, ಹೇಳಿದ್ರೆ ನೀನು ಕಣ್ಣಲ್ಲಿ ಹುಡುಕ್ತಾ ಹಾಡು ಮರೀತೀಯ ಅಂತ. ಹಿಂದೆ ಕಬ್ಬಿನ ಹಾಲಿನ ಗಾಡಿ ಹತ್ರ ನಿಂತಿದ್ದೆ. ನಿನ್ನನ್ನ 'ಜೂನಿಯರ್ ಮಂದಾಕಿನಿ' ಅಂತ ಮೈಕಲ್ಲಿ ಕೂಗಿದಾಗ ಪಕ್ಕದೋನಿಗೆ ನನ್ನ ಮಗಳು ಅಂತ ಹೇಳಿಬುಟ್ಟೆ. ಅವನು ನನ್ನ ಮೇಲಿಂದ ಕೆಳಗೆ ನೋಡಿ 'ಹೌದಾ ಯಜಮಾನ್ರೇ, ಹಂಗಾದ್ರೆ ಮಂದಾಕಿನಮ್ಮನ ಗಂಡ ನಾನೇ' ಅಂದ. ನಗಲಿ ಬುಡು.

ತೊಟ್ಟಿಲ ಹಾಡು ಬಂತು. ಅದರಲ್ಲಿ ಎರಡನೇ ಚರಣದಲ್ಲಿ ಮಂದಾಕಿನಮ್ಮ 'ಬೆಳದಿಂಗಳು' ಅನ್ನೋ ಮಾತನ್ನ ನಡುವೆ ಮುರಿದು ಉಸಿರು ಎಳ್ಕೋತಾರೆ. ಆಯಮ್ಮ ಸಾಯೋ ವರ್ಷ ಕಾಯಿಲೆಯಲ್ಲೇ ಹಾಡಿದ್ದು, ರೆಕಾರ್ಡಿನೋರು ಆ ಉಸಿರನ್ನ ತೆಗೀದೆ ಹಂಗೇ ಬುಟ್ರು, ಜನ ಅದಕ್ಕೇ ಮನಸ್ಸು ಕೊಟ್ರು. ಅದೆಲ್ಲ ನನಗೆ ಗೊತ್ತು. ನೀನು ಆ ಉಸಿರು ಎಳೆದಾಗ ಜನ ಶಿಳ್ಳೆ ಹೊಡೆದ್ರು. ನಾನೂ ಚಪ್ಪಾಳೆ ತಟ್ಟಿದೆ.

ಆದ್ರೆ ಆಮೇಲೆ ಮಳೆ ಹಾಡು ಹಾಡಿದೆಯಲ್ಲ, ಅದರಲ್ಲೂ ಎಳೆದೆ. ಅದು ಆಯಮ್ಮ ಚಿಕ್ಕ ವಯಸ್ಸಲ್ಲಿ ಹಾಡಿದ್ದು. ಆ ರೆಕಾರ್ಡಲ್ಲಿ ಅಂಥಾ ಉಸಿರಿಲ್ಲ. ನಾನು ಬಸ್ಸಲ್ಲಿ ಬರ್ತಾ ಫೋನಲ್ಲಿ ಹಾಕಿ ಹಾಕಿ ಕೇಳಿದೆ, ಇಲ್ಲ. ಹಾಡು ಮುಗಿದಾಗ ನೀನು ಮೈಕ್ ಸ್ಟ್ಯಾಂಡ್ ಹಿಡ್ಕೊಂಡು ನಿಂತೆ. ಅದು ಯಾಕೆ?

ನಿಮ್ಮಮ್ಮನಿಗೆ ಹೇಳಿದ್ರೆ 'ದಿನವೆಲ್ಲ ಬಟ್ಟೇಲಿ ತೂತು ಹುಡುಕಿ ಹುಡುಕಿ ಈಗ ಮಗಳಲ್ಲೂ ಹುಡುಕ್ತಾ ಇದೀರ' ಅಂತಾಳೆ. ಇರಬೌದು. ನೀನು ಒಂದು ಮಾತು ಬರೆದ್ರೆ ನಾನು ಸುಮ್ಮನಾಗ್ತೀನಿ. ಅದು ಕಲೇನೋ, ಇಲ್ಲಾ ಬೇರೆ ಏನಾದ್ರೂನೋ?

ನಿನ್ನ ಅಪ್ಪ
ಅಡವಯ್ಯ


ಶಿರಾ
27-11-2024

ಅಪ್ಪಾ,

ಕಬ್ಬಿನ ಹಾಲಿನ ಗಾಡಿ ಹತ್ರ ನಿಂತಿದ್ದು ನಾನು ನೋಡಿದೆ! ಆ ನೀಲಿ ಮಫ್ಲರ್ ಇಡೀ ಕೊರಟಗೆರೇಲಿ ಇನ್ಯಾರ ಹತ್ರ ಇದೆ ಹೇಳಿ. ನೋಡಿಯೂ ಹಾಡು ಮರೀಲಿಲ್ಲ.

ಏನೂ ಇಲ್ಲ ಅಪ್ಪಾ. ಒಂದೇ ದಿನ ಎರಡು ಸ್ಟೇಜು, ಧೂಳು, ಹೊಗೆ ಬಿಡೋ ಮಿಷಿನ್ ಬೇರೆ. ಸುಸ್ತಾಗಿತ್ತು.

ನಮ್ಮ ತಂಡದ ರೀತಿ ನಿಮಗೆ ಗೊತ್ತಲ್ಲ. 'ರೆಕಾರ್ಡಲ್ಲಿ ಇದ್ದಂಗೆ' ಅನ್ನೋದೇ ಶಂಕರಲಿಂಗಪ್ಪ ಸರ್ ಮಂತ್ರ. ಮಳೆ ಹಾಡಿನ ರೆಕಾರ್ಡಲ್ಲಿ ಕೊಳಲಿನವರು ಒಂದು ಸ್ವರ ತಪ್ಪು ಊದಿದಾರೆ. ನಮ್ಮ ಪೆದ್ದಣ್ಣ ಅದನ್ನ ದಿನಾ ಅಷ್ಟೇ ಶ್ರದ್ಧೆಯಿಂದ ತಪ್ಪು ಊದ್ತಾನೆ. ಒಂದ್ಸಲ ಸರಿ ಊದಿದ್ದಕ್ಕೆ ಸರ್ ಎಲ್ಲರ ಮುಂದೆ 'ಯಾರಪ್ಪನ ಹಾಡು ಅಂತ ತಿದ್ದೋಕೆ ಬಂದೆ ಲೇ?' ಅಂತ ಬೈದರು. ಜನ ಬರೋದು ನಮ್ಮನ್ನ ಕೇಳೋಕಲ್ಲ ಅಪ್ಪಾ, ಅವರು ಮನೇಲಿ ಕೇಳಿದ್ದನ್ನೇ ಮತ್ತೆ ಕೇಳೋಕೆ.

ಆ ಉಸಿರು ನನಗೆ ವರ್ಷಗಟ್ಟಲೆ ಸರಿಯಾಗಿ ಬರ್ತಿರಲಿಲ್ಲ, ನಾಟಕ ಅಂತ ಗೊತ್ತಾಗ್ತಿತ್ತು. ಈಚೆಗೆ ಬರ್ತಿದೆ. ಪಾವಗಡದಲ್ಲಿ ಹೋದ ವಾರ ಹಾಡ್ದಾಗ ಮುಂದಿನ ಸಾಲಿನ ಒಬ್ಬ ಅಜ್ಜ ಎದ್ದು ನಿಂತು 'ಆ ಊಪಿರಿ ಇಂಕೋಸಾರಿ ತೀಯಮ್ಮಾ' ಅಂತ ಕೂಗಿದ. ಹಾಡು ಬೇಡ ಅವನಿಗೆ, ಆ ಉಸಿರನ್ನ ಇನ್ನೊಂದು ಸಲ ಎಳೀಬೇಕಂತೆ! ಸರ್ ಕೀಬೋರ್ಡ್ ಬಿಟ್ಟು ನನಗೆ ಕೈಮುಗಿದರು. 'ಈಗ ಬಂದ್ಳು ಕಣಮ್ಮ ತಾಯಿ ನಿನ್ನೊಳಗೆ' ಅಂದರು. ಒಂಬತ್ತು ವರ್ಷದಲ್ಲಿ ಅವರು ಹಂಗೆ ಅಂದಿದ್ದು ಇದೇ ಮೊದಲು.

ಇನ್ನೊಂದು ಸಂಗತಿ. ಫೆಬ್ರವರಿ ಹದಿನಾರಕ್ಕೆ ಮಂದಾಕಿನಮ್ಮನ ಪುಣ್ಯತಿಥಿ ಪ್ರೋಗ್ರಾಂ ಪಾವಗಡದಲ್ಲಿ ನಮ್ಮದೇ. ಅವರ ಮಗನೇ ಬರ್ತಾರೆ. ಅಮ್ಮನ ಹೆಸರಲ್ಲಿ ಕರ್ನಾಟಕವೆಲ್ಲ ಕಾರ್ಯಕ್ರಮ ಮಾಡೋಕೆ ಒಂದು ಧ್ವನಿ ಹುಡುಕ್ತಾ ಇದಾರಂತೆ. ಎಲ್ಲ ಊರಿನ ಜೂನಿಯರ್ ಮಂದಾಕಿನಿಗಳನ್ನೂ ಕೇಳ್ಕೊಂಡು ಬರ್ತಿದಾರೆ. ಕೊನೆಗೆ ನಾನು.

ಅದಕ್ಕೆ ಹೊಸ ರವಿಕೆ ಬೇಕು. ಹಳೇ ಅಳತೆಗಿಂತ ಎದೆ ಹತ್ರ ಸ್ವಲ್ಪ ಸಡಿಲ ಇರಲಿ. ನನ್ನ ರೂಮಲ್ಲಿರೋ, ನಮ್ಮಲ್ಲಿ ಕೋರಸ್ ಹಾಡೋ ಹುಡುಗಿ ಪ್ರಿಯಾಂಕ ಆ ಕಡೆ ಬಂದಾಗ ಅವಳ ಕೈಲಿ ಕೊಡಿ.

ಲೋಹಿತಾ


ಮಧುಗಿರಿ
9-12-2024

ಲೋಹಿತಾ,

ರವಿಕೆ ಪ್ರಿಯಾಂಕನ ಕೈಲಿ ಕೊಟ್ಟಿದೀನಿ, ಬಂದಿರ್ಬೇಕು. ಒಳ್ಳೇ ಹುಡುಗಿ. ನಿನ್ನ ಜತೆ ರೂಮಲ್ಲಿ ಒಬ್ಬರಿದಾರೆ ಅನ್ನೋದೇ ನನಗೊಂದು ಧೈರ್ಯ. ಕೋರಸ್ ಹಾಡೋ ಹುಡುಗಿ ಅಂದೆಯಲ್ಲ, ಇಲ್ಲಿ ಕೂತು ನಿಮ್ಮಮ್ಮನಿಗೆ ಒಂದು ವಚನ ಹಾಡಿದಳು, ಅಂಗಡಿ ಮುಂದೆ ಹೋಗೋರು ನಿಂತ್ಕೊಂಡ್ರು.

ಆ ಹುಡುಗಿ ಹತ್ರ ನಾನೇನೂ ಬಾಯಿ ಬಿಡಿಸಲಿಲ್ಲ ಅಂತ ಮೊದಲೇ ಹೇಳ್ತೀನಿ. ಕಾಫಿ ಕುಡೀತಾ ತಾನಾಗೇ ಅಂದಳು, 'ಅಂಕಲ್, ಲೋಹಿತಕ್ಕ ನನ್ನ ದಿಂಬೂ ಕಿತ್ಕೊಂಡು ಒರಗ್ಕೊಂಡು ಕೂತೇ ಮಲಗ್ತಾರೆ, ನಾನು ಸ್ವೆಟರ್ ಮಡಚಿ ತಲೆಗಿಟ್ಕೋತೀನಿ' ಅಂತ. ನಗ್ತಾನೇ ಹೇಳಿದಳು. ನಿಮ್ಮಮ್ಮನೂ ನಕ್ಕಳು. ನನ್ನ ಕೈಯಲ್ಲಿದ್ದ ಲೋಟ ಅಲ್ಲೇ ನಿಂತುಹೋಯ್ತು.

ಕೂತು ಯಾಕೆ ಮಲಗ್ತೀಯ? ಮಲಗಿದ್ರೆ ಏನಾಗುತ್ತೆ?

ಇನ್ನೊಂದು. ಎದೆ ಹತ್ರ ಸಡಿಲ ಇರಲಿ ಅಂದೆ. ಆಕೆ ಅಳತೆಗೆ ಅಂತ ನಿನ್ನ ಹಳೇ ರವಿಕೆ ತಂದಿದ್ದಳು. ಅದರ ತೋಳು ನೀನೇ ಕೈಹೊಲಿಗೆ ಹಾಕಿ ಒಳಗೆ ಹಿಡಿದಿದೀಯ. ಸಣ್ಣಗಾಗಿದೀಯ ಅಂತ ತಾನೆ? ಸಣ್ಣಗಾದೋಳಿಗೆ ಸಡಿಲ ಯಾಕಮ್ಮ ಬೇಕು? ನಾನು ರವಿಕೆ ಮುಂದೆ ಇಟ್ಕೊಂಡು ಬಾಳ ಹೊತ್ತು ಕೂತಿದ್ದೆ. ನಾನು ಡಾಕ್ಟರಲ್ಲ, ನನಗೇನೂ ತಿಳಿಯಲ್ಲ. ತಿಳೀದೇ ಇರೋದಕ್ಕೇ ಇಷ್ಟು ಕೆಟ್ಟ ಕೆಟ್ಟದ್ದು ತಲೇಗೆ ಬರೋದು. ಟಿ.ಬಿ. ಅಂತ ಬರುತ್ತೆ. ಹೊಗೆ ಮಿಷಿನ್ ಅಂದೆಯಲ್ಲ, ಅದರಿಂದ ಎದೆ ಸುಟ್ಟಿರಬೌದು ಅಂತ ಬರುತ್ತೆ. ನಮ್ಮ ಬೆಟ್ಟ ಹತ್ತುವಾಗ ಉಸಿರು ಕಟ್ಟಿ ಬಿದ್ದೋರ ನೆನಪು ಬರುತ್ತೆ. ನೀನು ಬೆಟ್ಟ ಹತ್ತಿಲ್ಲ, ಆದ್ರೂ ಬರುತ್ತೆ.

ಒಂದ್ಸಲ ತುಮಕೂರಿಗೆ ಹೋಗಿ ತೋರಿಸ್ಕೊ. ಏನೂ ಇಲ್ಲ ಅಂದ್ರೆ ನನ್ನ ಬೈದು ಕಾಗದ ಹಾಕು, ಖುಷಿಯಾಗಿ ಓದ್ತೀನಿ.

ಅಪ್ಪ
ಅಡವಯ್ಯ


ಶಿರಾ
21-12-2024

ಅಪ್ಪಾ,

ಬೈದು ಬರೀಬೇಕು ಅಂತಲೇ ತುಮಕೂರಿಗೆ ಹೋದೆ.

ಅಮ್ಮನಿಗೆ ಓದಿ ಹೇಳಬೇಡಿ. ಇದು ನಿಮಗೆ ಮಾತ್ರ.

ಎದೆಗೆ ಜೆಲ್ ಹಚ್ಚಿ ಸ್ಕ್ಯಾನ್ ಮಾಡಿದರು. ಹೃದಯದ ಒಂದು ಕವಾಟ ಗಟ್ಟಿಯಾಗಿ ಕಿರಿದಾಗಿದೆಯಂತೆ. ರಕ್ತ ಮುಂದೆ ಹೋಗದೆ ಹಿಂದಕ್ಕೆ ಒತ್ತುತ್ತೆ, ಅದಕ್ಕೇ ಹಾಡಿದ್ರೆ, ಮಲಗಿದ್ರೆ ಉಸಿರು ಸಾಲಲ್ಲ. ಎದೆ ಕೊಯ್ಯೋದಿಲ್ಲ, ಹೆದರಬೇಡಿ. ತೊಡೆ ಹತ್ರದಿಂದ ಒಂದು ಸಣ್ಣ ನಳಿಕೆ ಬಿಟ್ಟು, ತುದೀಲಿ ಬಲೂನು ಊದಿ ಅಗಲ ಮಾಡ್ತಾರೆ. ಬೆಂಗಳೂರಲ್ಲಿ.

ಬೇಗ ಮಾಡಿಸಿ, ಅಲ್ಲೀವರೆಗೆ ಹಾಡಬೇಡಿ ಅಂದರು. ನಾನು ಫೆಬ್ರವರಿ ಹದಿನಾರು ಕಳೀಲಿ ಅಂದೆ. ಡಾಕ್ಟ್ರು ಅಲ್ಲೀವರೆಗೆ ಅಂತ ಮಾತ್ರೆ ಬರೆದುಕೊಟ್ಟರು, ಅಷ್ಟೆ.

ಅಪ್ಪಾ, ಒಂಬತ್ತು ವರ್ಷ ನಾನು ಇನ್ನೊಬ್ಬರ ಹೆಸರಲ್ಲಿ ಬದುಕಿದೀನಿ. ಅಂಗಡೀಲಿ, ಬಸ್ಸಲ್ಲಿ ಎಲ್ಲರೂ ಮಂದಾಕಿನಿ ಅಂತಲೇ ಕರೀತಾರೆ. ಅದು ವ್ಯರ್ಥ ಅಲ್ಲ ಅಂತ ಆಯಮ್ಮನ ಮಗನ ಬಾಯಲ್ಲಿ ಒಂದು ಸಲ ಕೇಳಬೇಕು. ಮಾತ್ರೆ ತಗೊಳ್ತಾ ಇದೀನಿ. ಆಗುತ್ತೆ.

ಶಂಕರಲಿಂಗಪ್ಪ ಸರ್‌ಗೆ ಗೊತ್ತಾದ್ರೆ ನನ್ನನ್ನ ಸ್ಟೇಜಿಗೆ ಹತ್ತಿಸಲ್ಲ. ಯಾರಿಗೂ ಹೇಳಲ್ಲ ಅಂತ ಬರೀರಿ.

ಲೋಹಿತಾ


ಮಧುಗಿರಿ
26-12-2024

ಮಗಳೇ,

ನಾಕು ಸಲ ಬರೆದು ಹರಿದೆ. ನಿಮ್ಮಮ್ಮ 'ಯಾವಳಿಗೆ ಬರೀತಿದೀರ?' ಅಂತ ತಮಾಷೆ ಮಾಡಿದಳು. ಗಿರಾಕಿ ಲೆಕ್ಕ ಅಂದೆ. ನಂಬಿಲ್ಲ. ನನ್ನ ಮುಖ ಸುಳ್ಳಿಗೆ ಹೊಂದಲ್ಲ.

ಬಲೂನು ಅಂದ್ರೆ ಒಡೆಯಲ್ವಾ? ಒಳಗೇ ಒಡೆದ್ರೆ? ಇದನ್ನ ಡಾಕ್ಟ್ರಿಗೆ ಕೇಳಿದೆಯಾ? ಅವರ ಹೆಸರೇನು, ಎಷ್ಟು ವಯಸ್ಸು, ಕೈ ನಡುಗಲ್ಲ ತಾನೆ? ಮಾಡಿಸಿದ್ರೆ ಒಂದು ಹೆದರಿಕೆ, ಮಾಡಿಸ್ದೇ ಇದ್ರೆ ಇನ್ನೊಂದು. ಎರಡರ ಮಧ್ಯೆ ನಾನು ಸೂಜಿಗೆ ದಾರ ಪೋಣಿಸೋಕೂ ಆಗದೆ ಕೂತಿದೀನಿ.

ನಿನ್ನ ಆಸೆ ನನಗೆ ಅರ್ಥ ಆಗಲ್ಲ ಅಂತ ತಿಳೀಬೇಡ. ಆಗುತ್ತೆ. ನಿನ್ನ ಪೋಸ್ಟರು ಅಂಗಡೀಲಿ ಅಂಟಿಸಿದೀನಿ. ಆದ್ರೆ ಇದನ್ನ ಯೋಚನೆ ಮಾಡು. ಸ್ಟೇಜಲ್ಲಿ ನಿನಗೆ ನಿಜವಾಗಿ ಉಸಿರು ನಿಂತ್ರೆ ಯಾರಿಗೆ ಗೊತ್ತಾಗುತ್ತೆ? ಪೆದ್ದಣ್ಣ ಊದ್ತಾನೇ ಇರ್ತಾನೆ. ನಿಮ್ಮ ಸರ್ ಕೈಮುಗೀತಾರೆ. ಜನ ಶಿಳ್ಳೆ ಹೊಡೀತಾರೆ. ನೀನು ಬಿದ್ರೂ ರೆಕಾರ್ಡಲ್ಲಿ ಇದ್ದಂಗೆ ಅಂತ ತಿಳೀತಾರೆ.

ಯಾರಿಗೂ ಹೇಳಲ್ಲ ಅಂತ ಬರೀರಿ ಅಂದೆ. ಹಬ್ಬ ಹತ್ರ ಬಂತು, ಕೆಲಸ ಬಾಳ ಐತೆ. ಇಲ್ಲಿಗೆ ನಿಲ್ಲಿಸ್ತೀನಿ.

ಅಪ್ಪ


ಮಧುಗಿರಿ
2-1-2025

ಶಂಕರಲಿಂಗಪ್ಪನೋರಿಗೆ ಲೋಹಿತಾಳ ತಂದೆ ಅಡವಯ್ಯ ಮಾಡೋ ಶರಣು.

ನಾನು ನಿಮಗೆ ಬರೆಯೋದು ಇದೇ ಮೊದಲು. ನನ್ನ ಮಗಳಿಗೆ ಹೃದಯದ ಕಾಯಿಲೆ ಐತೆ ಸ್ವಾಮಿ. ತುಮಕೂರಲ್ಲಿ ಸ್ಕ್ಯಾನ್ ಆಗೈತೆ, ಬೇಗ ಬಲೂನು ಹಾಕಿಸ್ಬೇಕು ಅಂದಿದಾರೆ, ಆಕೆ ಪಾವಗಡದ ಪ್ರೋಗ್ರಾಂ ಕಳೀಲಿ ಅಂತ ಹಟ ಹಿಡಿದಾಳೆ. ನೀವು ಈಚೆಗೆ ಚೆನ್ನಾಗಿ ಬರ್ತಿದೆ ಅಂತ ಹೊಗಳಿದ ಆ ಉಸಿರು ಕಲೆ ಅಲ್ಲ. ಅದು ಅವಳ ಸ್ವಂತದ್ದು.

ಹೇಳಬೇಡಿ ಅಂದಿದ್ದಳು, ಹೇಳಿದೀನಿ. ಮುಂದಿನದು ನಿಮ್ಮ ಕೈಯಲ್ಲಿ.

ಅಡವಯ್ಯ, ಟೈಲರ್


ಶಿರಾ
7-1-2025

ಅಡವಯ್ಯನವರೇ,

ನಿಮ್ಮ ಕಾಗದ ಓದಿ ಮೊದಲು ನನಗೆ ಸಿಟ್ಟು ಬಂತು. ನಾನೇನು ಡಾಕ್ಟ್ರಾ? ಹುಡುಗಿ ದಿನಾ ನಗ್ತಾ ವ್ಯಾನ್ ಹತ್ತುತ್ತಾಳೆ, ನಗ್ತಾ ಇಳೀತಾಳೆ, ನಾನು ಹೆಂಗೆ ತಿಳಿಯೋದು? ಮೂವತ್ತು ವರ್ಷದಿಂದ ಈ ಕಿವಿಗೆ ಒಂದು ಶ್ರುತಿ ತಪ್ಪಿಲ್ಲ.

ಆಮೇಲೆ ಮೊಬೈಲಲ್ಲಿ ಯಾರೋ ತೆಗೆದಿದ್ದ ಪಾವಗಡದ ವಿಡಿಯೋ ಹಾಕಿ ಕೇಳಿದೆ. ಪೂರಾ ಕೇಳೋಕಾಗಲಿಲ್ಲ.

ಅವಳನ್ನ ಕರೆದು ಕೇಳಿದೆ. 'ನಿಮಗ್ಯಾರು ಹೇಳಿದ್ದು?' ಅಂತ ನನ್ನ ಮೇಲೇ ಕೂಗಾಡಿದಳು. ಕೂಗಾಡಿ ಏದುಸಿರು ಬಿಡ್ತಾ ಆಂಪ್ಲಿಫೈಯರ್ ಮೇಲೆ ಕೂತ್ಕೊಂಡಳು. ಇನ್ನು ನನಗೆ ಯಾವ ಸ್ಕ್ಯಾನೂ ಬೇಕಾಗಿರಲಿಲ್ಲ.

ಪಾವಗಡಕ್ಕೆ ಪ್ರಿಯಾಂಕನ ಹೆಸರು ಹಾಕಿಸಿದೀನಿ. ಬೇರೆ ದಾರಿ ಇಲ್ಲ, ಅಡ್ವಾನ್ಸ್ ಬುಕಿಂಗ್. ಲೋಹಿತಾನ ಬೆಂಗಳೂರಿಗೆ ನಮ್ಮ ವ್ಯಾನಲ್ಲೇ ಕರ್ಕೊಂಡು ಹೋಗ್ತೀನಿ. ಸ್ಪೀಕರ್ ಎಲ್ಲಾ ಇಳಿಸಿ ಹಾಸಿಗೆ ಹಾಕಿಸ್ತೀನಿ. ನೀವು ನಿಮ್ಮ ಮನೆಯವರನ್ನ ಕಳಿಸಿ.

ಶಂಕರಲಿಂಗಪ್ಪ


ಶಿರಾ
8-1-2025

ನನ್ನ ಹೆಸರು ಪೋಸ್ಟರಿಂದ ತೆಗೆದರು. ಇನ್ನು ನೀವು ಆರಾಮಾಗಿ ನಿದ್ದೆ ಮಾಡಿ.

ಲೋಹಿತಾ


ಮಧುಗಿರಿ
10-2-2025

ಲೋಹಿತಾ,

ಬಲೂನು ಒಡೀಲಿಲ್ಲ. ಇದನ್ನ ಬರೆಯೋಕೆ ಇಷ್ಟು ದಿನ ಕೈ ಬರಲಿಲ್ಲ, ಬರೆದ್ರೆ ದೃಷ್ಟಿ ಆಗುತ್ತೆ ಅನ್ನಿಸ್ತು.

ಆಸ್ಪತ್ರೇಲಿ ನೀನು ನನ್ನ ಜತೆ ಮಾತಾಡಲಿಲ್ಲ. ನಾನು ಬಂದಾಗೆಲ್ಲ ಗೋಡೆ ಕಡೆ ತಿರುಗಿದೆ. ಪರವಾಗಿಲ್ಲ. ಗೋಡೆ ಕಡೆ ತಿರುಗಿ ಮಲಗಿದೆಯಲ್ಲ, ಒಂದೇ ದಿಂಬಲ್ಲಿ, ಚಪ್ಪಟೆ. ನಾನು ಬಾಗಿಲಲ್ಲಿ ನಿಂತು ಅದನ್ನೇ ನೋಡ್ತಿದ್ದೆ. ನರ್ಸಮ್ಮ 'ಯಾರ್ರೀ ನೀವು, ಪೇಷೆಂಟ್ ಕಡೆಯೋರಾ?' ಅಂದಳು. ಏನು ಹೇಳೋದು ತಿಳೀದೆ ಟೈಲರ್ ಅಂದೆ. ನಿಮ್ಮಮ್ಮ ಈಗಲೂ ಅದನ್ನ ಹೇಳ್ಕೊಂಡು ನಗ್ತಾಳೆ.

ಗುರುವಾರ ಮಾತ್ರೆ ಮುಗಿಯುತ್ತೆ ಅಂತ ನಿಮ್ಮಮ್ಮ ಅಂದಳು. ತಗೊಂಡೆಯಾ? ಉತ್ತರ ಬರೀಬೇಡ, ತಗೊಂಡ್ರೆ ಸಾಕು.

ಅಪ್ಪ


ಮಧುಗಿರಿ
18-3-2025

ಲೋಹಿತಾ,

ಶಿರಾದಿಂದ ಬಂದ ಗಿರಾಕಿ ಒಬ್ಬರು ನಿನ್ನನ್ನ ಬಸ್‌ಸ್ಟ್ಯಾಂಡಲ್ಲಿ ನೋಡಿದ್ರಂತೆ, ಬಸ್ಸಿಗೆ ಓಡ್ತಾ ಇದ್ದೆಯಂತೆ. ಓಡಿ ಹತ್ತಿದಳು ರೀ ಅಂದ್ರು. ಅವರ ಪ್ಯಾಂಟು ಅವತ್ತೇ ಹೊಲ್ಕೊಟ್ಟೆ.

ಆದ್ರೂ ಓಡಬೇಡ. ಮುಂದಿನ ಬಸ್ಸು ಬರುತ್ತೆ.

ಅಪ್ಪ


ಶಿರಾ
22-4-2025

ಅಪ್ಪಾ,

ಮಾತ್ರೆ ತಗೋತಾ ಇದೀನಿ. ಡಾಕ್ಟ್ರು ಹಾಡಬಹುದು ಅಂದಿದಾರೆ. ನಿಮ್ಮ ಮೇಲಿನ ಸಿಟ್ಟು ಹೋಗಿದೆ ಅಂತ ಬರೆದ್ರೆ ಪೂರ್ತಿ ನಿಜ ಅಲ್ಲ. ಸ್ವಲ್ಪ ಇದೆ. ಇರಲಿ ಬಿಡಿ, ಅದು ಇದ್ದಂಗೇ ಬರೀತೀನಿ.

ಪಾವಗಡದ್ದು ನಿಮಗೆ ಯಾರೂ ಹೇಳಿರಲ್ಲ. ನಾನೇ ಹೇಳಬೇಕು. ಪ್ರಿಯಾಂಕಂಗೆ ಹಾಡೆಲ್ಲ ಬರುತ್ತಿತ್ತು, ಆ ಉಸಿರು ಬರುತ್ತಿರಲಿಲ್ಲ. ಆಸ್ಪತ್ರೆಯಿಂದ ಬಂದ ವಾರವೇ ರೂಮಲ್ಲಿ ಕೂತು ನಾನೇ ಕಲಿಸಿದೆ. 'ಬೆಳ' ಅಂದ ಮೇಲೆ ಹೊಟ್ಟೆ ಬಿಗಿ ಹಿಡಿ, ಭುಜ ಎತ್ತಬೇಡ, ಗಾಳಿ ಒಳಗೆ ಬರಬೇಕು ಆದ್ರೆ ಸಾಲಬಾರದು, ಅಂತ. 'ಸಾಲಬಾರದು ಅಂದ್ರೆ ಹೆಂಗಕ್ಕಾ?' ಅಂದಳು. ಹೆಂಗೆ ಅಂತ ಹೇಳಿಕೊಟ್ಟೆ. ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು.

ಮಂದಾಕಿನಮ್ಮನ ಮಗ ಮುಂದಿನ ಸಾಲಲ್ಲಿ ಕೂತಿದ್ದರು. ಎರಡನೇ ಚರಣಕ್ಕೆ ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. ಆಮೇಲೆ ಬಂದು 'ಅಮ್ಮ ಹಿಂಗೇ' ಅಂದರು. ಪ್ರಿಯಾಂಕನಿಗೆ. ನಾನು ಪಕ್ಕದಲ್ಲೇ ಅವಳ ಸೆರಗು ಸರಿಮಾಡ್ತಾ ನಿಂತಿದ್ದೆ. ನಾನ್ಯಾರು ಅಂತ ಅವರು ಕೇಳಲಿಲ್ಲ. ಪ್ರಿಯಾಂಕ ಹೇಳೋಕೆ ಬಾಯಿ ತೆಗೆದಳು, ನಾನು ಅವಳ ಕೈ ಹಿಸುಕಿದೆ. ಜೂನ್‌ನಿಂದ ಅವರ ಜತೆ ಊರೂರು ಹೋಗ್ತಾಳೆ.

ನಾನು ಮಾರ್ಚಲ್ಲಿ ಮೊದಲ ಸಲ ಪ್ರಾಕ್ಟೀಸಿಗೆ ಹೋದೆ. ತೊಟ್ಟಿಲ ಹಾಡೇ ಶುರು ಮಾಡಿದೆ. ಎರಡನೇ ಚರಣ ಬಂತು, 'ಬೆಳದಿಂಗಳು' ಇಡಿಯಾಗಿ ಬಾಯಿಂದ ಹೊರಗೆ ಹೋಯಿತು. ಸಾಲು ಮುಗೀತು, ಮುಂದಿನ ಸಾಲೂ ಮುಗೀತು, ಇನ್ನೂ ಉಸಿರು ಉಳಿದಿತ್ತು. ಪೆದ್ದಣ್ಣ ಕೊಳಲು ಕೆಳಗಿಟ್ಟ. ನಾನು ಮತ್ತೆ ಮತ್ತೆ ಆ ಉಸಿರು ಎಳೆಯೋಕೆ ನೋಡಿದೆ. ಆಗಲಿಲ್ಲ ಅಪ್ಪಾ. ಕಲಿಸಿದ್ದು ನಾನೇ, ನನ್ನ ಕೈಲೇ ಆಗಲಿಲ್ಲ. ಆ ಜಾಗ ಬಂದ ತಕ್ಷಣ ಆಂಪ್ಲಿಫೈಯರ್ ಮೇಲೆ ಕೂತ ದಿನ ನೆನಪಾಗುತ್ತೆ.

ಸರ್ ಬೈತಾರೆ ಅಂದ್ಕೊಂಡೆ. ಬೈಲಿಲ್ಲ. ಆಮೇಲೆ 'ಆ ಹಾಡು ಬುಡು ಕಣಮ್ಮ. ಮಂದಾಕಿನಮ್ಮ ಇಪ್ಪತ್ತು ವರ್ಷದೋರಿದ್ದಾಗ ಹಾಡಿದಾರಲ್ಲ, ಉದ್ದ ಉದ್ದ ಸಾಲು, ನಮ್ಮಲ್ಲಿ ಯಾರ ಕೈಲೂ ಆಗದೆ ಬಿಟ್ಟಿದ್ದು, ಅವನ್ನ ತೆಗಿ' ಅಂದರು. ಈಗ ಅವನ್ನೇ ಹಾಡ್ತಾ ಇದೀನಿ. ಹುಲಿಕುಂಟೆಯಲ್ಲಿ ಜನಕ್ಕೆ ಆ ಹಾಡುಗಳು ಗೊತ್ತೇ ಇರಲಿಲ್ಲ. ಶಿಳ್ಳೆ ಬರಲಿಲ್ಲ. ಎದ್ದು ಹೋಗಲೂ ಇಲ್ಲ.

ಮೇ ಹತ್ತಕ್ಕೆ ಮಧುಗಿರೀಲೇ ಪ್ರೋಗ್ರಾಂ. ಮೊದಲ ಅರ್ಧ ನಾನು, ಕೊನೇ ಅರ್ಧ ಪ್ರಿಯಾಂಕ. ಬರೋದಾದ್ರೆ ಕುರ್ಚೀಲಿ ಕೂತ್ಕೊಳ್ಳಿ.

ನಿಮ್ಮ ಮಗಳು
ಲೋಹಿತಾ


ಮಧುಗಿರಿ
13-5-2025

ಮಗಳು ಲೋಹಿತಾಗೆ,

ಪ್ರೋಗ್ರಾಂ ಆದ ಮೇಲೆ ಮನೇಗೆ ಬಂದು ನೀನು ಎರಡು ಸಲ ಅನ್ನ ಹಾಕಿಸ್ಕೊಂಡು ತಿಂದೆ, ಆಮೇಲೆ ವ್ಯಾನು ಬಂತು ಅಂತ ಓಡಿದೆ. ಓಡಬೇಡ ಅಂತ ಬರೆದಿದ್ದು ಓದಲಿಲ್ಲ ಅನ್ಸುತ್ತೆ. ಎಲ್ಲರ ಮುಂದೆ ಹೇಳೋಕಾಗದ್ದು ಒಂದು ಐತೆ, ಅದಕ್ಕೇ ಬರೀತಿದೀನಿ.

ನೀನು ಹಾಡಿದ್ದು ಕೇಳಿದೆ. ಸಾಲು ಎಲ್ಲಿ ಮುಗಿಯುತ್ತೆ ಅಂತ ಕಾಯ್ತಾ ಕಾಯ್ತಾ ನನಗೇ ಉಸಿರು ಕಟ್ಟಿತು, ನೀನು ಹಾಡ್ತಾನೇ ಇದ್ದೆ. ನಿಮ್ಮಮ್ಮ ನನ್ನ ಕಡೆ ನೋಡಲೇ ಇಲ್ಲ. ನೋಡಿದ್ರೆ ಅತ್ತುಬುಡ್ತೀನಿ ಅಂತ ಆಮೇಲೆ ಅಂದಳು. ಮಂದಾಕಿನಮ್ಮನ ಹಾಡು ಅಂತ ಅನೌನ್ಸ್ ಮಾಡಿದ್ರು, ಸರಿ. ನನಗೆ ಮಾತ್ರ ಅದು ನೀನೇ ಅನ್ನಿಸ್ತು. ನನಗೆ ಸಂಗೀತ ಬರಲ್ಲ, ತಪ್ಪಿದ್ರೆ ಬುಡು.

ಆಮೇಲೆ ಪ್ರಿಯಾಂಕ ಬಂದು ತೊಟ್ಟಿಲ ಹಾಡು ಹಾಡಿದಳು. ಆ ಜಾಗಕ್ಕೆ ಬಂದಳು. ಎಳೆದಳು. ಸುತ್ತ ಎಲ್ಲರೂ ಚಪ್ಪಾಳೆ, ಶಿಳ್ಳೆ. ನನ್ನ ಕೈ ಏಳಲಿಲ್ಲ. ಕುರ್ಚಿ ಬಿಟ್ಟು ಎದ್ದು ನಿಂತುಬುಟ್ಟೆ. ಹಿಂದಿನೋನು 'ಕೂತ್ಕೊಳ್ಳಿ ಯಜಮಾನ್ರೇ' ಅಂತ ಜುಬ್ಬ ಹಿಡಿದು ಎಳೆದ.

ನೀನು ಕಲಿಸಿದ್ದು, ಗೊತ್ತು. ಹೊಟ್ಟೆ ಬಿಗಿ ಹಿಡಿಯೋದು, ಭುಜ ಎತ್ತದೇ ಇರೋದು, ಎಲ್ಲಾ ಬರೆದಿದ್ದೆ. ಆ ಹುಡುಗಿ ಗುಂಡುಗುಂಡಗೆ ಐತೆ, ನಮ್ಮ ಮನೇಲಿ ಊಟ ಮಾಡಿ ನಗ್ತಾನೇ ಹೋಯ್ತು. ನಿಮ್ಮಮ್ಮ ಹೇಳ್ತಾಳೆ, ಒಂದು ಚಿಂತೆ ಕಳೀತು ಅಂತ ಇನ್ನೊಬ್ಬರ ಮಗಳನ್ನ ಹಿಡ್ಕೊಂಡಿದೀರ ಅಂತ. ಹೌದು, ನನಗೂ ಹಂಗೇ ಅನ್ಸುತ್ತೆ. ಆದ್ರೆ ಅವಳಪ್ಪ ಎಲ್ಲಿದಾರೋ, ರೆಕಾರ್ಡಿನ ಉಸಿರು ಯಾವುದು, ಮಗಳದು ಯಾವುದು ಅಂತ ಅವರಿಗೆ ಗೊತ್ತೋ ಇಲ್ವೋ. ಜೂನ್‌ನಲ್ಲಿ ಊರೂರು ಹೊರಟ್ರೆ ಆಮೇಲೆ ಯಾರು ಕೇಳ್ತಾರೆ?

ಹೊರಡೋಕೆ ಮುಂಚೆ ಆ ಹುಡುಗೀನ ಒಂದ್ಸಲ ತುಮಕೂರಿಗೆ ಕರ್ಕೊಂಡು ಹೋಗಿ ತೋರಿಸಿಬುಡಮ್ಮ. ಏನೂ ಇರಲ್ಲ. ತೋರಿಸಿಬುಡು.

ನಿನ್ನ ಅಪ್ಪ
ಅಡವಯ್ಯ